ಚಾಚಾನ ಇಬ್ಬರು ಡಾಕ್ಟರು

ಇವತ್ತು ಬೆಳಿಗ್ಗೆ, ಧೂಳಿಗೆ ಕೆಂಪಾದ ಕಣ್ಣಿಗೆ ಒಂದು ಹನಿ ಔಷಧಿ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಗಂಟಲೆಲ್ಲ ಕಹಿ. ಹಾಕಿದ್ದು ಕಣ್ಣಿಗೆ, ಕಹಿಯಾದದ್ದು ಗಂಟಲು! ನಿಮಗೂ ಹೀಗಾಗಿರಬೇಕು, ಆದರೆ ಆ ಹನಿ ಇನ್ನೂ ಎಲ್ಲೆಲ್ಲಿಗೆ ಹೋಗುತ್ತದೆಂದು ನೀವು ಯೋಚಿಸಿರಲಿಕ್ಕಿಲ್ಲ. ನಾನು ಯೋಚಿಸಲು ಕಲಿತದ್ದು ಪಕ್ಕದ ಮನೆಯ ಹುಸೇನ್ ಚಾಚಾನಿಂದ.

ಹಗರಿಬೊಮ್ಮನಹಳ್ಳಿಯಲ್ಲಿ ಚಾಚಾನದು ಬಟ್ಟೆ ಅಂಗಡಿ. ಹೃದಯ ತೋರಿಸಲು ದಾವಣಗೆರೆ, ಕಣ್ಣು ತೋರಿಸಲು ಹೊಸಪೇಟೆ. ಒಂದು ಈ ದಿಕ್ಕು, ಇನ್ನೊಂದು ಆ ದಿಕ್ಕು. ಕಣ್ಣಿನೊಳಗೆ ಒತ್ತಡ ಹೆಚ್ಚಾಗುವ ಗ್ಲಾಕೋಮಾ ಅವರಿಗೆ. ನೋವಿಲ್ಲ, ಉರಿಯಿಲ್ಲ, ಸದ್ದಿಲ್ಲದೆ ಅಂಚಿನಿಂದ ದೃಷ್ಟಿಯನ್ನು ತಿನ್ನುತ್ತ ಬರುತ್ತದೆ. "ಸೂಜಿಗೆ ದಾರ ಪೋಣಸ್ತೀನಿ, ನನಗೇನಾಗೈತಿ?" ಎಂದು ಚಾಚಾ ಜಂಬ ಕೊಚ್ಚುತ್ತಿದ್ದರು.

ಅವರದೊಂದು ಕಟ್ಟುನಿಟ್ಟಿನ ರಿವಾಜು. ಒಂದು ಅಂಗಡಿಯಲ್ಲಿ ಕುಳಿತು ಇನ್ನೊಂದು ಅಂಗಡಿಯ ಹೆಸರೆತ್ತಬಾರದು. ನಾನೊಮ್ಮೆ ಬಾಯಿ ತಪ್ಪಿ, "ಕೊಟ್ಟೂರಾಗ ಇಂಥದೇ ಸೀರಿ ನೋಡೀನಿ," ಅಂದದ್ದಕ್ಕೆ, "ಬಸ್ ಐತಿ, ಹೋಗು ಬೇಟಿ," ಎಂದು ಸೀರೆ ಮಡಚಿ ಒಳಗಿಟ್ಟಿದ್ದರು. ಪುಣ್ಯಾತ್ಮ, ಈ ರಿವಾಜನ್ನು ಡಾಕ್ಟರುಗಳಿಗೂ ಹಚ್ಚಿದ್ದರು! ದಾವಣಗೆರೆಯಲ್ಲಿ ಕಣ್ಣಿನ ಸುದ್ದಿಯಿಲ್ಲ, ಹೊಸಪೇಟೆಯಲ್ಲಿ ಎದೆಯ ಸುದ್ದಿಯಿಲ್ಲ. "ನಿಮ್ಮ ಚಾಚಾಗ ಎರಡು ಸಂಸಾರ ಅದಾವ. ಒಬ್ರದು ಒಬ್ರಿಗೆ ಗೊತ್ತಾಗಬಾರದು," ಎಂದು ಚಾಚಿ ನಗುತ್ತಿದ್ದರು.

ಆ ನಗು ಹೆಚ್ಚು ದಿನ ಬಾಳಲಿಲ್ಲ. ಹೊಸಪೇಟೆಯ ಹನಿ ಶುರುವಾದ ಮೇಲೆ ಚಾಚಾ ಮೆತ್ತಗಾದರು. ಎದ್ದು ನಿಂತರೆ ತಲೆ ಸುತ್ತು. ಒಂದು ಮಧ್ಯಾಹ್ನ ಬಟ್ಟೆ ಅಳೆಯುತ್ತ ಅಳೆಯುತ್ತ ಚಾದರಗಳ ರಾಶಿಯ ಮೇಲೆ ಒರಗಿಬಿಟ್ಟರು. ಗಿರಾಕಿ ಮಹಾಶಯ, ನಿದ್ದೆ ಹತ್ತಿರಬೇಕೆಂದು ಕಾಯುತ್ತ ಕುಳಿತಿದ್ದನಂತೆ! ಮರುದಿನ ಚಾಚಿ ನನ್ನನ್ನೂ ದಾವಣಗೆರೆ ಬಸ್ಸು ಹತ್ತಿಸಿದರು. "ನೀನೂ ಹೋಗವ್ವಾ, ಅಲ್ಲಿ ಇವರು ಬಾಯಿ ಬಿಡಂಗಿಲ್ಲ."

ಡಾಕ್ಟರು ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು. ಬಡಿತ ತೀರ ನಿಧಾನ. "ನಾ ಕೊಟ್ಟಿದ್ದು ಬಿಟ್ಟು ಬೇರೆ ಏನ್ ತಗೊಳ್ತೀರಿ?"

"ಏನಿಲ್ರಿ. ನಿಮ್ಮವೇ ಗುಳಿಗಿ," ಎಂದರು ಚಾಚಾ.

"ಕಣ್ಣಿಗೆ ಹನಿ ಹಾಕ್ಕೊಂತಾರ್ರಿ," ಅಂದುಬಿಟ್ಟೆ ನಾನು. ಚಾಚಾ ನನ್ನನ್ನು ನುಂಗುವ ಹಾಗೆ ನೋಡಿದರು.

ಡಾಕ್ಟರು ಬಿಡಿಸಿ ಹೇಳಿದರು. ಕಣ್ಣಿಗೆ ಹಾಕಿದ್ದು ಮೂಗಿನ ದಾರಿಯಿಂದ ಇಳಿದು ರಕ್ತ ಸೇರುತ್ತದೆ. ಆ ಹನಿ ಕಣ್ಣಿನ ಒತ್ತಡದ ಜೊತೆಗೆ ಎದೆಬಡಿತವನ್ನೂ ಇಳಿಸುವಂಥದು. ತಾವು ಕೊಟ್ಟ ಗುಳಿಗೆಯ ಕೆಲಸವೂ ಅದೇ. ಅಲ್ಲಿಂದಲೇ ಹೊಸಪೇಟೆಗೆ ಫೋನು ಹೋಯಿತು. ಇಬ್ಬರೂ ಮಾತಾಡಿಕೊಂಡು ಹನಿ ಬದಲಿಸಿದರು. ಹಾಕಿಕೊಂಡ ಮೇಲೆ ಅದು ಮೂಗಿಗೆ ಇಳಿಯದಂತೆ ಕಣ್ಣು ಮುಚ್ಚಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕೆಂದೂ ಹೇಳಿದರು.

ಬಸ್ಸಿನಲ್ಲಿ ಚಾಚಾನದು ಗಂಟುಮುಖ. ಹರಪನಹಳ್ಳಿ ದಾಟಿದ ಮೇಲೆ, "ಇಬ್ರ ಮುಂದೂ ನನ್ನ ಮರ್ಯಾದಿ ತಗದಿ," ಎಂದರು.

"ಮರ್ಯಾದಿ ಇಟ್ಕೊಂಡು ಸಾಯ್ತಿದ್ರೇನು?" ನನಗೂ ಸಿಟ್ಟು ಬಂದಿತ್ತು.

ಆಗ ಮೆಲ್ಲಗೆ ಬಾಯಿ ಬಿಟ್ಟರು. "ತಲಿ ತಿರುಗಿದ ದಿನ ಹನಿ ಹಾಕ್ಕೊಂತಿದ್ದಿಲ್ಲ ಬೇಟಿ. ಭಾಳ ಸಲ ಹಂಗ ಮಾಡೀನಿ. ಯಾರಿಗೂ ಹೇಳಿಲ್ಲ." ಹನಿ ಬಿಟ್ಟ ದಿನವೆಲ್ಲ ಕಣ್ಣಿನ ಒತ್ತಡ ಮತ್ತೆ ಏರಿರಬೇಕು. ಆಮೇಲೆ ಹೊಸಪೇಟೆಯಲ್ಲಿ ಪರೀಕ್ಷೆ ಮಾಡಿದವರು, ಎಡಗಣ್ಣಿನಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಎಂದರು.

ಈಗ ನಾಡಿಯೂ ಸರಿಯಿದೆ, ಒತ್ತಡವೂ ಹತೋಟಿಯಲ್ಲಿದೆ. ಇವತ್ತು ಸಂಜೆ ಅವರನ್ನು ರೇಗಿಸೋಣವೆಂದು ಅಂಗಡಿಗೆ ಹೋದೆ. ಅವರ ಎಡಕ್ಕೆ, ಕೈಯಳತೆಯಲ್ಲೇ ನಿಂತು, "ಏನ್ ಚಾಚಾ, ವ್ಯಾಪಾರ ಜೋರೇನು?" ಎಂದೆ. ಅವರು ಬಾಗಿಲ ಕಡೆ ನೋಡಿದರು, ಬೀದಿಯ ಕಡೆ ನೋಡಿದರು. ಬೇಕೆಂದೇ ಆಟ ಆಡಿಸುತ್ತಿದ್ದಾರೆಂದು ನಾನು ನಕ್ಕೆ.

"ಎದುರಿಗೆ ಬಾ ಬೇಟಿ," ಎಂದರು ಚಾಚಾ. "ಆ ಕಡಿಗೆ ನಿಂತ್ರ ನೀ ನನಗ ಇಲ್ಲ."

ರೇಗಿಸಲು ಹೋದವಳಿಗೆ ಅಳು ಬಂತು. ಸ್ಟೂಲು ಎಳೆದುಕೊಂಡು ಅವರ ಮುಖದ ನೇರಕ್ಕೆ ಕುಳಿತೆ.

"ಹಾಂ," ಎಂದರು. "ಈಗ ಅದಿ."