ಅಳಿಯ ಮನೆಯಲ್ಲಿದ್ದಾಗ ಅತ್ತೆಗೆ ನೋವಿರಲಿಲ್ಲ

ಮೊದಲು ಖರ್ಚಿನ ಬಾಬ್ತು ಹೇಳಿಬಿಡುತ್ತೇನೆ. ಒಂದು ಫೋನ್ ಕರೆ. ಒಬ್ಬ ಹಿರಿಯ ಡಾಕ್ಟರರ ಸ್ವಲ್ಪ ಹಠ. ಅತ್ತೆಯ ಮಂಚದ ಪಕ್ಕ ನಾನು ಹಾಕಿಕೊಂಡಿದ್ದ ಕುರ್ಚಿ. ಆಮೇಲೆ, ಮದುವೆಯ ದಿನದಿಂದ ಅತ್ತೆ ನನಗೆ ಕೊಡುತ್ತಾ ಬಂದ ಮರ್ಯಾದೆ.

ಅಷ್ಟೇ. ಬೇಗ ಖರ್ಚು ಮಾಡಿದ್ದರೆ ಇನ್ನೂ ಲಾಭವಿತ್ತು.

ನನ್ನ ಹೆಂಡತಿ ಪದ್ಮ ವಿಜಯವಾಡದ ಪಟಮಟದವಳು. ಅವಳ ಅಮ್ಮನಿಗೆ ಕ್ಯಾನ್ಸರ್. ಗುಣವಾಗುವ ಹಂತ ದಾಟಿದೆ, ಇನ್ನು ನೋವಿಲ್ಲದಂತೆ ನೋಡಿಕೊಳ್ಳುವುದೇ ಚಿಕಿತ್ಸೆ ಎಂದು ವಿಶಾಖಪಟ್ಟಣದ ಡಾಕ್ಟರ್ ಮೇಡಂ ಹೇಳಿದ ಮೇಲೆ, ಅದೇ ಊರಿನ ಎಂವಿಪಿ ಕಾಲೋನಿಯ ನಮ್ಮ ಫ್ಲ್ಯಾಟಿಗೇ ಕರೆತಂದೆವು.

ನಾನು ಹೊಸಪೇಟೆಯಿಂದ ಬಂದು ಇಲ್ಲಿ ಲಾರಿ ಬುಕಿಂಗ್ ಆಫೀಸಿನಲ್ಲಿ ಚೀಟಿ ಹರಿಯುತ್ತಿದ್ದವನು. ಈಗ ಬಂದರಿನಲ್ಲಿ ಸರಕು ಬಿಡಿಸಿಕೊಡುವ ಸ್ವಂತ ಏಜೆನ್ಸಿ. ಆಫೀಸನ್ನು ಸ್ಟಾಫಿಗೆ ಒಪ್ಪಿಸಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಅತ್ತೆಯ ಪಕ್ಕದಲ್ಲೇ ಕೂತೆ.

ಮಗನಿದ್ದಿದ್ದರೂ ಹೀಗೆ ನೋಡಿಕೊಳ್ಳುತ್ತಿರಲಿಲ್ಲ ಅಂತ ಅಪಾರ್ಟ್‌ಮೆಂಟಿನವರು ಹೊಗಳಿದರು. ನಾನೂ ಬೇಡ ಅನ್ನಲಿಲ್ಲ.

ಅತ್ತೆ ಮಾತ್ರ ಸೆರಗನ್ನು ಭುಜದ ತುಂಬ ಹೊದ್ದು, ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಹೇಗಿದ್ದೀರಿ ಅಂದರೆ ಮಗಳ ಕಡೆ ನೋಡಿ, ಚೆನ್ನಾಗೇ ಇದ್ದೇನೆ ಅಂತ ಹೇಳು ಅನ್ನುತ್ತಿದ್ದರು. ನನ್ನೊಂದಿಗೆ ನೇರವಾಗಿ ಮಾತಾಡುವ ರೂಢಿ ಅವರಿಗಿಲ್ಲ. ನಾನು ಒಳಗೆ ಬಂದರೆ ಕೂತಲ್ಲಿಂದ ಏಳುವವರು.

ಮೇಡಂ ಮಾರ್ಫಿನ್ ಬರೆದಿದ್ದರು. ಗಡಿಯಾರ ನೋಡಿ ಕೊಡಬೇಕು, ತಪ್ಪಿಸಬಾರದು.

ಆದರೆ ಪಟಮಟದಲ್ಲಿ ಮೂರ್ತಿಗಾರು ಇದ್ದಾರೆ. ಪದ್ಮ ಹುಟ್ಟುವ ಮೊದಲಿನಿಂದ ಆ ಮನೆಯ ಡಾಕ್ಟರು. ಮಾರ್ಫಿನ್ ಹೆಸರು ಕೇಳಿ ಫೋನಿನಲ್ಲೇ ಗಾಬರಿಯಾದರು. ಅಭ್ಯಾಸವಾಗಿಬಿಡುತ್ತೆ, ಕೇಳಿದಾಗ ಮಾತ್ರ ಕೊಡಮ್ಮಾ ಅಂದರು. ಪದ್ಮ ಅದನ್ನೇ ಹೋಮ್ ನರ್ಸ್ ಕುಮಾರಿಗೆ ಹೇಳಿದಳು.

ಅತ್ತೆ ಕೇಳಲೇ ಇಲ್ಲ. ನರ್ಸ್ ಕೊಡಲಿಲ್ಲ. ಚೆಕಪ್‌ನಲ್ಲಿ ಮೇಡಂ ನೋಡಿದರು... ಮಾತ್ರೆ ಹಾಗೇ ಉಳಿದಿದೆ, ರೋಗಿ ನೋವಿಲ್ಲ ಅನ್ನುತ್ತಿದ್ದಾರೆ. ಹಾಗಾದರೆ ಡೋಸ್ ಇಳಿಸೋಣ ಅಂದರು.

ಅವತ್ತು ಪದ್ಮ ಅಡುಗೆಮನೆಯಲ್ಲಿ ಅತ್ತಳು. “ಅಮ್ಮ ಹೋಗೋದು ಗೊತ್ತು ರೀ. ಹೀಗೆ ಹಲ್ಲು ಕಚ್ಕೊಂಡು ಹೋಗ್ಬೇಕಾ?”

ಬಂದರಿನಲ್ಲಿ ಇಂಥದ್ದು ನನಗೆ ದಿನನಿತ್ಯದ ಕೆಲಸ. ಹಡಗಿನವನು ನನ್ನ ಕಡೆ ಕ್ಲಿಯರ್ ಅನ್ನುತ್ತಾನೆ. ಕಸ್ಟಮ್ಸ್‌ನವರು ನಮ್ಮ ಕಡೆ ಕ್ಲಿಯರ್ ಅನ್ನುತ್ತಾರೆ. ಲಾರಿಯವನೂ ಅದನ್ನೇ ಅನ್ನುತ್ತಾನೆ. ಮಾಲು ಮಾತ್ರ ಯಾರ್ಡಿನಲ್ಲಿ ಬಿಸಿಲು ಕಾಯುತ್ತಿರುತ್ತದೆ. ಆಗ ಎಲ್ಲರನ್ನೂ ಒಂದೇ ಕಾಲ್‌ಗೆ ಎಳೆದು ತರುತ್ತೇನೆ.

ಇಲ್ಲೂ ತಂದೆ. ಮೇಡಂ, ಮೂರ್ತಿಗಾರು, ನರ್ಸ್ ಕುಮಾರಿ. ಮಾತೆಲ್ಲ ತೆಲುಗಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೂರ್ತಿಗಾರು ಮುನಿಸಿಕೊಂಡರು. ತಮ್ಮನ್ನು ತಪ್ಪು ಮಾಡಿದವರ ಜಾಗದಲ್ಲಿ ನಿಲ್ಲಿಸಿದ್ದೇನೆ ಅಂದುಕೊಂಡಿರಬೇಕು. ಮೇಡಂ ಸಮಾಧಾನವಾಗಿ ವಿವರಿಸಿದರು. ಇಂಥ ನೋವಿಗೆ ಮಾತ್ರೆ ನೋವಿಗಿಂತ ಮೊದಲೇ ಹೋಗಬೇಕು, ಹೇಳಿದಂತೆ ಕೊಟ್ಟರೆ ಅದು ಚಟವಲ್ಲ, ಮೊದಮೊದಲ ಮಂಪರು ಇಳಿಯುತ್ತದೆ. ಮೂರ್ತಿಗಾರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಮಲಬದ್ಧತೆಗೆ ಏನು ಜೊತೆಗೆ ಕೊಡಬೇಕು ಎಂಬುದರವರೆಗೆ.

ಆದರೂ ಮೇಡಂಗೆ ಒಂದು ಗಂಟು ಬಿಡಿಸಲಾಗಲಿಲ್ಲ. ಇಷ್ಟು ನೋವಿದ್ದರೆ ಇವರು ಕೇಳುವುದಿಲ್ಲ ಯಾಕೆ?

ಕುಮಾರಿ ಅನುಮಾನಿಸುತ್ತಾ ಅಂದಳು: “ಒಂದಿನ ಕೇಳಿದ್ರು ಮೇಡಂ. ಸಾರ್ ಪೋರ್ಟಿಗೆ ಹೋಗಿದ್ರಲ್ಲ, ಅವತ್ತು.”

ಫೋನಿನಲ್ಲಿ ಮೂರ್ತಿಗಾರು ನಕ್ಕೇಬಿಟ್ಟರು. “ಅಳಿಯ ದಿನವೆಲ್ಲ ಅಲ್ಲೇ ಕೂತಿರ್ತಾರಾ? ಅಳಿಯನ ಮುಂದೆ ಆಯಮ್ಮ ನೀರು ಕೂಡ ಕೇಳೋದಿಲ್ಲ ಬಾಬೂ. ನೋವು ಅಂತಾರಾ?”

ನಾನು ಕುರ್ಚಿಯಿಂದ ಎದ್ದೆ.

ಒಬ್ಬರಿಗೆ ಔಷಧಿ ಗೊತ್ತು, ಒಬ್ಬರಿಗೆ ಅತ್ತೆ ಗೊತ್ತು, ಕುಮಾರಿ ಕಣ್ಣಾರೆ ನೋಡಿದ್ದಳು. ಮೂರೂ ಒಂದು ಕಡೆ ಸೇರಿರಲಿಲ್ಲ, ಅಷ್ಟೇ.

ಅವತ್ತೇ ಮೂವರದೂ ಒಂದು ವಾಟ್ಸಾಪ್ ಗ್ರೂಪ್ ಆಯಿತು. ಉಳಿದಿಬ್ಬರಿಗೆ ಹೇಳದೆ ಯಾರೂ ಡೋಸ್ ಬದಲಿಸುವಂತಿಲ್ಲ. ಕೇಳಲಿ ಎಂದು ಕಾಯದೆ ಹುಬ್ಬು ನೋಡು, ಮುಷ್ಟಿ ನೋಡು, ಮಗ್ಗುಲು ಬದಲಿಸುವಾಗ ಉಸಿರು ನೋಡು ಎಂದು ಮೇಡಂ ಕುಮಾರಿಗೂ ಪದ್ಮಳಿಗೂ ಕಲಿಸಿದರು. ನನ್ನನ್ನು ಗ್ರೂಪಿಗೆ ಸೇರಿಸಲಿಲ್ಲ. ನನಗೆ ಬೇರೆ ಚೀಟಿ: ಹಗಲು ಮನೆ ಬಿಟ್ಟು ಹೊರಗಿರುವುದು!

ಆಫೀಸಿಗೆ ಹೋದೆ. ಎರಡು ದಿನದ ಮೇಲೆ ಪದ್ಮ ಫೋನ್ ಮಾಡಿ, ಅಮ್ಮ ಮಜ್ಜಿಗೆ ಅನ್ನ ತಿಂದು ಗೊರಕೆ ಹೊಡೀತಿದಾಳೆ, ಈಗಲೇ ಬರಬೇಡಿ ಅಂದಳು. ಅಂಥ ಸಿಹಿಯಾದ ಬೈಗುಳ ನಾನು ಕೇಳಿರಲಿಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅತ್ತೆ ಪಟಮಟಕ್ಕೆ ಹೋಗುತ್ತೇನೆ ಅಂದರು. ಮೊದಲಾಗಿದ್ದರೆ ಕಳಿಸುವ ಧೈರ್ಯ ಬರುತ್ತಿರಲಿಲ್ಲ. ಈಗ ಅಲ್ಲಿ ಮಾರ್ಫಿನ್ ಸಿಗುವ ಆಸ್ಪತ್ರೆಯನ್ನು ಮೇಡಂ ಹುಡುಕಿಕೊಟ್ಟರು, ಮನೆಗೆ ಬಂದು ನೋಡುವ ಜವಾಬ್ದಾರಿ ಮೂರ್ತಿಗಾರು ವಹಿಸಿಕೊಂಡರು. ಪದ್ಮಳೂ ಕುಮಾರಿಯೂ ಜೊತೆಗೆ ಹೋದರು.

ಒಂದು ಭಾನುವಾರ ನೋಡಲು ಹೋದೆ. ಬಾಗಿಲಲ್ಲಿ ಬೇಕೆಂದೇ ಕೆಮ್ಮಿದೆ, ಸೆರಗು ಸರಿಮಾಡಿಕೊಳ್ಳಲಿ ಅಂತ.

ಅತ್ತೆ ಏಳಲಿಲ್ಲ. ಗೋಡೆಯ ಕಡೆ ತಿರುಗಲೂ ಇಲ್ಲ. ನನ್ನ ಮುಖವನ್ನೇ ನೋಡಿ ಅಂದರು: “ನೊಪ್ಪಿಗಾ ಉಂದಿ, ಅಲ್ಲುಡುಗಾರೂ.”

ನೋವಾಗ್ತಿದೆ, ಅಳಿಯಂದಿರೇ.

ನಡುವೆ ನೋವು ಬಂದರೆ ಎಂದು ಬೇರೆ ಇಟ್ಟಿದ್ದ ಮಾತ್ರೆಯನ್ನು ಕುಮಾರಿ ನನ್ನ ಕೈಗೇ ಕೊಟ್ಟಳು. ಅತ್ತೆಯ ತಲೆಯನ್ನು ಎತ್ತಿ ಹಿಡಿದು ನಾನೇ ನೀರು ಕುಡಿಸಿದೆ. ಅದಾದ ಮೇಲೆ ಅವರು ಬಹಳ ದಿನ ಇರಲಿಲ್ಲ. ಹೋದದ್ದು ನಿದ್ದೆಯಲ್ಲಿ.

ಈಗ ಲೆಕ್ಕ. ಅತ್ತೆಗೆ ಸಿಕ್ಕಿದ್ದು ನಿದ್ದೆ, ತನ್ನ ಮಂಚ, ಬಾಯಿಬಿಟ್ಟು ನರಳುವ ಹಕ್ಕು. ಮೂರ್ತಿಗಾರಿಗೆ ಈ ವಯಸ್ಸಿನಲ್ಲಿ ಹೊಸ ಪಾಠ. ಈಗ ಬೇರೆ ರೋಗಿಗಳಿಗಾಗಿಯೂ ಮೇಡಂಗೆ ಫೋನ್ ಮಾಡುತ್ತಾರಂತೆ. ಮೇಡಂ ಈಗ ಹೊಸ ರೋಗಿ ಬಂದರೆ ಮನೆಯಲ್ಲಿ ಯಾರು ಯಾರ ಮುಂದೆ ಮಾತಾಡುವುದಿಲ್ಲ ಎಂದೂ ಕೇಳುತ್ತಾರೆ. ಕುಮಾರಿಗೆ ಮುಖ ಓದುವ ವಿದ್ಯೆ. ಪದ್ಮಳಿಗೆ ಅಮ್ಮನೊಂದಿಗೆ ಕಳೆದ ನೆಮ್ಮದಿಯ ದಿನಗಳು.

ನನಗೆ ಒಂದು ವಾಕ್ಯ.