ಜನರೇಟರಿಗೆ ವೀಲು ಕೂರಿಸಿದ ಸೋಮವಾರ

ಜನರೇಟರಿಗೆ ವೀಲು ಹಾಕಬೇಕು ಅಂತ ಆದಾಗ ನಮ್ಮ ಮನೆಯವರು ವೆಲ್ಡಿಂಗ್ ಅಂಗಡಿಯವನನ್ನು ಕರೆಯಲು ಚಪ್ಪಲಿ ಮೆಟ್ಟಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಣ್ಣ ತಮ್ಮ ಸೇರಿ ಕೂರ್ಸಿದ್ದು. ಅಣ್ಣ ತಮ್ಮನೇ ಸೇರಿ ಎಬ್ಬಿಸ್ಬೇಕು. ಬ್ಯಾರೆಯೋರು ಮುಟ್ಟಂಗಿಲ್ಲ," ಅಂದೆ.

"ನಿಂಗೇನ್ ತಲೆ ಕೆಟ್ಟೈತಾ?" ಅಂದರು.

ಕೆಟ್ಟಿತ್ತು. ಕೆಡದೆ ಇನ್ನೇನಾಗುತ್ತದೆ? ಒಂದೇ ಸೂರಿನ ಕೆಳಗೆ ಇದ್ದುಕೊಂಡು ಅಣ್ಣ ತಮ್ಮ ಮಾತು ಬಿಟ್ಟು ವರ್ಷಕ್ಕೆ ಬಂದಿತ್ತು. ಆ ಯಂತ್ರ ಹೊಸ್ತಿಲು ದಾಟಿತೆಂದರೆ ನನ್ನ ಮೈದುನ ಅದರ ಹಿಂದೆಯೇ ಹೊಳೆನರಸೀಪುರಕ್ಕೆ ಹೊರಟುಬಿಡುತ್ತಿದ್ದ. ಅಷ್ಟರೊಳಗೆ ಇಬ್ಬರೂ ಒಂದು ಮಾತು, ಒಂದೇ ಒಂದು ಮಾತು, ಮುಖ ನೋಡಿಕೊಂಡು ಆಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಅಷ್ಟು ಭಾರದ ಯಂತ್ರವನ್ನು ಎತ್ತುವಾಗ "ಎತ್ತು, ಇಳಿಸು, ಹುಷಾರು" ಅನ್ನದೆ ಹೇಗೆ ಕೆಲಸ ಮಾಡುತ್ತಾರೆ, ನೋಡೇ ಬಿಡೋಣ ಎಂದುಕೊಂಡಿದ್ದೆ.

ನಮ್ಮದು ಅರಕಲಗೂಡಿನ ಒಂದು ಗಲ್ಲಿಯಲ್ಲಿ ಹಿಟ್ಟಿನ ಮಿಲ್ಲು. ರಾಗಿ, ಅಕ್ಕಿ, ಖಾರದಪುಡಿ. ಕರೆಂಟು ಗಳಿಗೆಗೊಮ್ಮೆ ಕೈಕೊಡುತ್ತಿದ್ದ ಕಾಲದಲ್ಲಿ, ಹಾಸನದಲ್ಲಿ ಯಾರೋ ತಮಗೆ ಹೆಚ್ಚಾಯಿತೆಂದು ಹರಾಜಿಗೆ ಇಟ್ಟ ಡೀಸೆಲ್ ಜನರೇಟರನ್ನು ಇಬ್ಬರೂ ಹೋಗಿ ತಂದಿದ್ದರು. ನಮ್ಮ ಗಲ್ಲಿಗೆ ಲಾರಿಯೂ ನುಗ್ಗುವುದಿಲ್ಲ, ಕ್ರೇನೂ ನುಗ್ಗುವುದಿಲ್ಲ. ಮೇನ್ ರೋಡಿನಿಂದ ಕಬ್ಬಿಣದ ಪೈಪುಗಳ ಮೇಲೆ ಉರುಳಿಸಿಕೊಂಡು ಬಂದಾಗ ಇಡೀ ಬೀದಿ ಕೈ ಹಾಕಿತ್ತು. ನಾನು ಎಲ್ಲರಿಗೂ ಮಜ್ಜಿಗೆ ಕೊಟ್ಟಿದ್ದೆ. ಹಿಂದಿನ ಕೋಣೆಯಲ್ಲಿ ಸಿಮೆಂಟಿನ ಕಟ್ಟೆ ಮಾಡಿ, ಬೋಲ್ಟು ಬಿಗಿದು ಕೂರಿಸಿದರು. ಈಗ ಕರೆಂಟು ನೆಟ್ಟಗೆ ಬರುತ್ತದೆ, ಜನರೇಟರು ನಮಗೂ ಹೆಚ್ಚಾಯಿತು. ಪಾಲಾದಾಗ ಮಿಲ್ಲು ಅಣ್ಣನಿಗೆ, ಜನರೇಟರು ತಮ್ಮನಿಗೆ ಎಂದಾಯಿತು. ಅವನ ಹೆಂಡತಿಯ ತವರು ಹೊಳೆನರಸೀಪುರ, ಅವಳು ಮುಂಚೆಯೇ ಅಲ್ಲಿಗೆ ಹೋಗಿದ್ದಳು. ಅಲ್ಲಿ ಒಂದು ಶೆಡ್ ಹಿಡಿದು ಎಣ್ಣೆ ಗಾಣ ಹಾಕುವವನಿದ್ದ, ಶೆಡ್ಡಿಗೆ ಕರೆಂಟಿನ ಲೈನು ಇನ್ನೂ ಬಂದಿರಲಿಲ್ಲ.

ಈ ಸಲವೂ ಪೈಪಿನ ಮೇಲೆ ಉರುಳಿಸಬಹುದಿತ್ತಲ್ಲ ಎನ್ನಬಹುದು. ಅದಕ್ಕೆ ಬೀದಿಯವರನ್ನು ಕರೆಯಬೇಕು. ಮನೆ ಒಡೆದು ಹೋಗುವುದಕ್ಕೆ ಬನ್ನಿ, ಕೈ ಹಾಕಿ ಎಂದು ಯಾವ ಮುಖ ಇಟ್ಟುಕೊಂಡು ಕರೆಯುವುದು? ಅದಕ್ಕೇ ವೀಲು. ಚನ್ನರಾಯಪಟ್ಟಣದಲ್ಲಿ ಮುಚ್ಚಿಹೋದ ಒಂದು ತೆಂಗಿನನಾರಿನ ಕಾರ್ಖಾನೆಯ ಟ್ರಾಲಿಯಿಂದ ಬಿಚ್ಚಿದ ನಾಲ್ಕು ಕಬ್ಬಿಣದ ವೀಲುಗಳನ್ನು ಮೈದುನ ಹೊತ್ತು ತಂದ. ಎರಡು ನೇರ ಓಡುವಂಥವು, ಎರಡು ಸುತ್ತ ತಿರುಗುವಂಥವು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಮೈದುನ ಇನ್ನೂ ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತಿದ್ದ. ರಾಮನಾಥಪುರದ ಕಡೆಯ ನನ್ನ ತವರಿಗೆ ಹೋದರೆ ಸೆರಗು ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದ. ಅವನಿಗೆ ಬೈದಷ್ಟು ನಾನು ಹೆತ್ತ ಮಗಳಿಗೂ ಬೈದಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಬದುಕಿದ್ದಾಗ ನಮ್ಮತ್ತೆ ಹೇಳಿದಾಗಲೆಲ್ಲ, ನಮ್ಮನೇಲಿ ಅಂಗಾಗಕಿಲ್ಲ ಸುಮ್ಕಿರಿ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಆಗಿದ್ದು ಹಾಗೆಯೇ.

ಜಗಳ ಎಂಥದ್ದು? ಮಿಲ್ಲಿನ ಮೂಲೆಯಲ್ಲೇ ಗಾಣ ಹಾಕೋಣ ಎಂದು ಮೈದುನ ಪಟ್ಟು ಹಿಡಿದ. ಬೇಡ ಎಂದರು ಇವರು. ಮಾತಿಗೆ ಮಾತು ಬೆಳೆದು, ರಾಗಿ ಚೀಲ ಹಿಡಿದು ನಿಂತ ಗಿರಾಕಿಗಳ ಎದುರಿಗೇ ಇವರು, "ಇಲ್ಲಿ ನಿನ್ದೇನೈತ್ಲಾ?" ಅಂದುಬಿಟ್ಟರು. ಸ್ಕೂಲು ಬಿಟ್ಟಾಗಿನಿಂದ ಆ ಹಿಟ್ಟಿನ ಧೂಳಿನಲ್ಲೇ ಬೆಳೆದವನು ಅವನು. ಮೈಮೇಲಿನ ಹಿಟ್ಟು ಕೊಡವಿಕೊಂಡು ಎದ್ದುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿಂದಾಚೆಗೆ ಇಬ್ಬರ ನಡುವಿನ ಮಾತೆಲ್ಲ ನನ್ನ ಬಾಯಿಂದಲೇ ಹಾಯಬೇಕಾಯಿತು.

ಇವರು ಅಡುಗೆಮನೆಗೆ ಬಂದು, "ಬೆಲ್ಟು ಸೊಟ್ಟಗಾಕವ್ನೆ, ಕೈಗೇನ್ ರೋಗ ಬಂದೈತಾ ಕೇಳು ಅವುನ್ನ," ಅನ್ನುವರು. ನಾನು ಮಿಲ್ಲಿಗೆ ಹೋಗಿ, "ಬೆಲ್ಟು ಒಸಿ ನೋಡ್ಬೇಕಂತೆ ಕಣ್ಲಾ. ಕೈ ಗಿಯ್ಯಿ ನೋಯ್ತೈತಾ ಅಂತ ಕೇಳುದ್ರು ನಿಮ್ಮಣ್ಣ," ಅನ್ನುವೆ. ಅವನು, "ಮಾತ್ರೆ ನುಂಗೋಕೇಳು ಆವಯ್ಯಂಗೆ, ಕೆಮ್ಮಿ ಕೆಮ್ಮಿ ಗಿರಾಕಿನೆಲ್ಲ ಓಡಿಸ್ತಾವ್ರೆ," ಅನ್ನುವನು. ನಾನು ಬಂದು, "ಮಾತ್ರೆ ತಗಂಡ್ರಾ ಅಂತ ವಿಚಾರಿಸ್ದ ನಿಮ್ ತಮ್ಮ," ಅನ್ನುವೆ. ಇವರು, "ಅಂಗಂದ್ನಾ?" ಎಂದು ಮಾತ್ರೆ ನುಂಗುವರು. ಯುಗಾದಿಯಲ್ಲಿ ಮೈದುನ ಊಟಕ್ಕೆ ಬರದೆ ಕೂತಾಗ, "ನಿಮ್ಮಣ್ಣ ಎಲೆ ಮುಂದೆ ಕಾಯ್ತಾ ಕೂತವ್ರೆ," ಅಂದೆ. ಇವರು ಆಗಲೇ ಉಂಡು ಎದ್ದಿದ್ದರು. ಆದರೆ ಅವನು ಬಂದು ಉಂಡ. ನಾನು ಹೀಗೆ ಒಂದು ಚೂರು ಬೆಲ್ಲ ಸವರಿ ಸವರಿ ಆ ಮನೆಯನ್ನು ಉಳಿಸಿಕೊಂಡು ಬಂದಿದ್ದೆ. ಹೆಮ್ಮೆಯೂ ಇತ್ತು, ಇಲ್ಲ ಅನ್ನುವುದಿಲ್ಲ.

ಸೋಮವಾರ ಮಿಲ್ಲಿಗೆ ರಜೆ. ಮಂಗಳವಾರ ಶುಕ್ರವಾರ ಮನೆಯಿಂದ ಏನನ್ನೂ ಆಚೆ ಕಳಿಸಬಾರದೆಂದು ಸೋಮವಾರವೇ ಗೊತ್ತುಮಾಡಿದ್ದಾಯಿತು. ಮೈದುನ ಹಿಂದಿನ ದಿನವೇ ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟಿದ್ದ. ತಿಂಡಿ ಮುಗಿಸಿ ಇಬ್ಬರೂ ಹಿಂದಿನ ಕೋಣೆಗೆ ಬಂದರು. ಒಬ್ಬರ ಕೈಯಲ್ಲಿ ಸ್ಪ್ಯಾನರು, ಒಬ್ಬನ ಕೈಯಲ್ಲಿ ಲಾರಿಯ ಜಾಕು. ಕಟ್ಟೆಯ ಬೋಲ್ಟು ಬಿಚ್ಚಿ ಒಂದೊಂದು ಮೂಲೆ ಜಾಕಿನಿಂದ ಎತ್ತಬೇಕು, ಅಡಿಗೆ ಮರದ ತುಂಡು ಕೊಡಬೇಕು, ವೀಲನ್ನು ಸರಿಸಿ ಬೋಲ್ಟು ಬಿಗಿಯಬೇಕು. ಮರದ ತುಂಡು ಕೊಡುವ ಕೆಲಸ ನನ್ನದು. ನಾಕು ಕೈಯ ಕೆಲಸ, ಈಗಂತೂ ಮಾತಾಡಲೇಬೇಕು ಇವರು ಎಂದುಕೊಂಡು ತುಂಡು ಹಿಡಿದು ನಿಂತೆ.

ಮೊದಲ ಮೂಲೆ ಎತ್ತುವಾಗಲೇ ನಮ್ಮ ಮನೆಯವರು ಬಗ್ಗಿ ನೋಡಿ ನನ್ನತ್ತ ತಿರುಗಿ, "ಜಾಕು ಸೊಟ್ಟಗೈತೆ. ಕಣ್ಣೇನ್ ಇತ್ತಿಲಲ್ಲಿ ಮಡಗಿ ಬಂದವ್ನಾ ಕೇಳು," ಅಂದರು.

ಮೈದುನ ಒಂದು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಕಿವುಡನಲ್ಲ. ಆದರೂ ನನ್ನ ಬಾಯಿ ಅಭ್ಯಾಸಬಲದಿಂದ, "ಜಾಕು ಒಸಿ ನೆಟ್ಟಗೆ ಮಡಗ್ಬೇಕಂತೆ ಮಗ. ಕತ್ಲೆ ಐತೆ, ಕಣ್ಣು ಕಾಣ್ತೈತಾ, ಲೈಟ್ ಆಕ್ಬೇಕಾ ಅಂತಾವ್ರೆ," ಅಂದಿತು.

ಅವನು ಕಿಸಕ್ಕನೆ ನಕ್ಕ. ಆಹಾ, ನಕ್ಕನಲ್ಲ ಎಂದು ನನ್ನ ಎದೆ ಹಗುರಾಯಿತು. ಜಾಕು ಸರಿಮಾಡಿ ಎತ್ತುತ್ತಾ ಅವನು, "ಅಡಿಗೆ ಕೈ ಇಕ್ಬ್ಯಾಡಿ ಅನ್ನು. ಬೆರಳ್ ಓದ್ರೆ ಅದನ್ನೂ ನನ್ ತಲೆಗೇ ಕಟ್ತಾರೆ," ಅಂದ.

"ಕೈ ಜ್ವಾಪಾನ ಅಂತಾವ್ನೆ ಕಣ್ರೀ, ಪಾಪ," ಅಂದೆ.

"ಪಾಪನೂ ಅಂದ್ನಾ?" ಎಂದು ಇವರ ಮೀಸೆಯ ಕೆಳಗೂ ನಗು ಬಂತು. ಎರಡು ವೀಲು ಕೂತವು. ಮಧ್ಯಾಹ್ನಕ್ಕೆ ಬಸ್ಸಾರು ಮುದ್ದೆ ಮಾಡಿ ಇಬ್ಬರಿಗೂ ಒಂದೇ ಸಾಲಿನಲ್ಲಿ ಬಡಿಸುತ್ತೇನೆ ಎಂದು ಮನಸ್ಸಿನಲ್ಲೇ ಒಲೆ ಹಚ್ಚಿಬಿಟ್ಟೆ.

ಮೂರನೆಯದು ಸ್ವಲ್ಪ ಬಿಗಿಯಿತ್ತು, ಬೋಲ್ಟು ತೂತಿಗೆ ಕೂರಲಿಲ್ಲ. ನಮ್ಮ ಮನೆಯವರಿಗೆ ಸಿಟ್ಟು ಬಂತು. "ಗುಜರಿ ವೀಲ್ ತಂದವ್ನೆ. ಬುದ್ಧಿ ಎಂಗೋ ಅಂಗೇ," ಅಂದರು.

ನಾನು ತಕ್ಷಣ, "ವೀಲು ಗಟ್ಟಿಮುಟ್ಟಾಗವೆ, ಎಲ್ಲಿ ಸಿಕ್ತು ಅಂತ ಕೇಳ್ತಾವ್ರೆ," ಅಂದೆ.

ಈ ಸಲ ಯಾರೂ ನಗಲಿಲ್ಲ. ಮೈದುನ ಜಾಕಿನ ಹಿಡಿ ಬಿಟ್ಟು ಎದ್ದು ನಿಂತ. ಅಣ್ಣನನ್ನಲ್ಲ, ನನ್ನನ್ನು ನೋಡಿದ.

"ಅತ್ತಿಗೆ, ಅವತ್ತು ಬೆಲ್ಟ್ ಸೊಟ್ಟಗಾಕಿದ್ನಲ್ಲ, ಕೈ ನೋಯ್ತೈತಾ ಅಂತ ಕೇಳುದ್ರು ಅಂದೆ ನೀನು. ಅವ್ರು ಏನಂದಿದ್ರು?"

"ಅದೇ ಅಂದಿದ್ರು ಕಣ್ಲಾ."

"ನನ್ ಮೇಲೆ ಆಣೆ ಮಾಡಿ ಏಳು."

ಕೈಯಾರೆ ಸಾಕಿದ ಹುಡುಗನ ತಲೆ ಮುಟ್ಟಿ ಸುಳ್ಳು ಆಣೆ ಇಡುವುದು ಹೇಗೆ?

"ಯುಗಾದಿಲಿ? ಎಲೆ ಮುಂದೆ ಕಾಯ್ತಾವ್ರೆ ಅಂದಿದ್ದು?"

ಕೈಯಲ್ಲಿದ್ದ ಮರದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದೆ. ಯಂತ್ರದ ಪಕ್ಕ ಮಲಗಿ ಬೋಲ್ಟು ತಿರುಗಿಸುತ್ತಿದ್ದ ನಮ್ಮ ಮನೆಯವರ ಸ್ಪ್ಯಾನರೂ ನಿಂತಿತು. "ಮಾತ್ರೆ ತಗಂಡ್ರಾ ಅಂದಿದ್ದು?" ಎಂದರು, ತಲೆ ಎತ್ತದೆ.

ನನಗೆ ರೇಗಿಹೋಯಿತು. "ಊಂ ಕಣ್ರಪ್ಪ, ಎಲ್ಲಾ ನಾನೇ ಸೇರಿಸ್ಕೊಂಡು ಏಳಿದ್ದು! ನೀವಾಡೋ ಮಾತ ಅಂಗಂಗೇ ತಲುಪ್ಸಿದ್ರೆ ಈ ಮನೇಲಿ ಕೊಲೆ ಆಗೋದು ಕೊಲೆ! ನಿಮ್ ಬಾಯಿಗ್ ನನ್ ಬಾಯೇ ಗತಿ ಆಗಿತ್ತಲ್ಲ, ನಾಚ್ಕೆ ಆಗಾಕಿಲ್ವಾ ಇಬ್ರಿಗೂ?" ಎಂದು ಕೂಗಾಡಿದೆ. ಮರದ ತುಂಡನ್ನು ನೆಲಕ್ಕೆ ಎಸೆದೆ.

ಇಬ್ಬರಲ್ಲಿ ಒಬ್ಬರಾದರೂ ತಿರುಗಿ ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ. ಮೈದುನ ಕೂತು ಜಾಕು ಎತ್ತಿದ, ಇವರು ಮೂರನೆಯದರ ಬೋಲ್ಟು ಬಿಗಿದರು. ನಾಲ್ಕನೆಯ ವೀಲು ಮೂಕರು ಕೆಲಸ ಮಾಡಿದ ಹಾಗೆ ಕೂತಿತು. ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಇಬ್ಬರಿಗೂ ಬೆರಳಿನಲ್ಲೇ ಗೊತ್ತಾಗುತ್ತಿತ್ತು, ಅಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದವರಲ್ಲವೇ. ನನ್ನ ಅಗತ್ಯವೇ ಬೀಳಲಿಲ್ಲ. ಮಾತಾಡದೆ ಆಗುವುದಿಲ್ಲ ಎಂದು ನಾನು ನೆಚ್ಚಿಕೊಂಡಿದ್ದ ಕೆಲಸ ಮಾತಿಲ್ಲದೆಯೇ ಆಗಿಹೋಯಿತು.

ಹಲಗೆ ಒರಗಿಸಿ ಕಟ್ಟೆಯಿಂದ ಇಳಿಸಿದರು. ಹಾಳಾದ್ದು, ಎಲ್ಲಾದರೂ ಸಿಕ್ಕಿಕೊಳ್ಳಲಿ, ಒಂದು ವೀಲಾದರೂ ಮುರಿಯಲಿ ಎಂದು ದೇವರನ್ನು ಬೇಡಿಕೊಂಡೆ. ಅವನು ಒಳ್ಳೆಯ ವೀಲನ್ನೇ ತಂದಿದ್ದ. ಬೀದಿಗೆ ಬೀದಿಯೇ ತಳ್ಳಿದ್ದ ಯಂತ್ರ ಇಬ್ಬರ ಕೈಗೆ ಗಡಗಡ ಎಂದು ಹೊರಟಿತು. ಮುಂದೆ ತಮ್ಮ, ಹಿಂದೆ ಅಣ್ಣ. ಬೀದಿಯವರು ಬಾಗಿಲಿಗೆ ಬಂದು ನಿಂತು ನೋಡಿದರು. ಮೇನ್ ರೋಡಿನಲ್ಲಿ ಕಾದಿದ್ದ ಗಾಡಿಯವರು ಚೈನ್ ಪುಲ್ಲಿ ಹಾಕಿ ಎತ್ತಿಕೊಂಡರು, ಹಗ್ಗ ಬಿಗಿದರು. ಮೈದುನ ನನ್ನ ಕಾಲು ಮುಟ್ಟಿದ. ಅವನ ತಲೆಯ ಮೇಲೆ ಕೈ ಇಟ್ಟೆ. ಅವನು ಅಣ್ಣನ ಕಡೆ ಒಮ್ಮೆ ನೋಡಿ ಗಾಡಿ ಹತ್ತಿದ. ಅಣ್ಣ ಹಗ್ಗದ ಗಂಟು ನೋಡುತ್ತಿದ್ದರು.

ಆಮೇಲೆ ಮಾಡಿದ ಮುದ್ದೆಯನ್ನು ನಾವಿಬ್ಬರೂ ಮುಟ್ಟಲಿಲ್ಲ. ಮಗಳು ಮದುವೆಯಾಗಿ ಹೋಗಿದ್ದಳು, ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಇವರು ಹಿಂದಿನ ಕೋಣೆಗೆ ಹೋಗಿ ಆ ಖಾಲಿ ಕಟ್ಟೆಯ ಮೇಲೆ ಕೂತವರು ಏಳಲೇ ಇಲ್ಲ. ಕಾಫಿ ತೆಗೆದುಕೊಂಡು ಹೋದೆ. ಲೋಟ ಇಸಿದುಕೊಳ್ಳಲಿಲ್ಲ. ನೆಲ ನೋಡುತ್ತಾ, "ಪೋನ್ ಮಾಡು ಅವ್ನಿಗೆ," ಅಂದರು. "ಅಲ್ಲಿ ಸರಿಯಾಗ್ನಿಲ್ಲ ಅಂದ್ರೆ ವಾಪಸ್ ಬಂದ್ಬುಡು ಅನ್ನು. ಗಾಣ ಇಲ್ಲೇ ಆಕ್ಕಳ್ಳಿ. ನಾನು ಅಂಗನ್ಬಾರ್ದಿತ್ತು. ಮಿಲ್ಲು ಅವುನ್ದೂವೆ ಅಂತ ಏಳು."

ಅಯ್ಯೋ ದೇವರೇ, ಇದನ್ನು ಬೆಳಿಗ್ಗೆ ಹೇಳಿದ್ದರೆ! "ನೀವೇ ಮಾತಾಡಿ," ಎಂದು ಫೋನು ಹಿಡಿದೆ. ಬೇಡವೆಂದು ತಲೆ ಆಡಿಸಿದರು. ಮಾತಾಡುವುದು ಅವರಿಂದ ಆಗುತ್ತಿರಲಿಲ್ಲ. ನಾನು ಅಂಗಳಕ್ಕೆ ಓಡಿ ಬಂದು ಫೋನು ಮಾಡಿದೆ. ಮೈದುನ ಆಗಲೇ ಹೊಳೆನರಸೀಪುರದಲ್ಲಿ ಯಂತ್ರ ಇಳಿಸುತ್ತಿದ್ದ, ಹಿಂದೆ ಜನರ ಗಲಾಟೆ ಕೇಳಿಸುತ್ತಿತ್ತು. ಇವರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಒಂದು ಮಾತು ಕೂಡಿಸಲಿಲ್ಲ, ಒಂದು ಮಾತು ಕಳೆಯಲಿಲ್ಲ.

ಅವನು ಪೂರ್ತಿ ಕೇಳಿಸಿಕೊಂಡ. ಕೋಪವಿರಲಿಲ್ಲ ಅವನ ದನಿಯಲ್ಲಿ, ಚಿಕ್ಕಂದಿನಲ್ಲಿ ನನ್ನನ್ನೇ ಸಮಾಧಾನ ಮಾಡುತ್ತಿದ್ದ ದನಿಯೇ ಇತ್ತು.

"ಬುಡತ್ತಿಗೆ," ಅಂದ. "ಎಷ್ಟ್ ದಿನಾಂತ ಇಂಗೇ ಸೇರಿಸ್ಕೊಂಡ್ ಏಳ್ತೀಯ? ಸಾಕು ಬುಡು, ನೀನೂ ಸುಸ್ತಾಗಿದ್ದೀಯ."

"ಇಲ್ಲ ಕಣ್ಲಾ, ನಿಜವಾಗ್ಲೂ ಅಂದ್ರು, ನಿನ್ನಾಣೆಗೂ," ಎಂದು ಕೂಗಿದೆ. ಫೋನು ಇಟ್ಟುಬಿಟ್ಟಿದ್ದ. ಮತ್ತೆ ಮಾಡಿದೆ, ಎತ್ತಲಿಲ್ಲ.

ಒಳಗೆ ಹೋದೆ. ಇವರು ಕಟ್ಟೆಯಿಂದ ಎದ್ದು ಬಾಗಿಲ ಹತ್ತಿರ ನಿಂತಿದ್ದರು. "ಏನಂದ?" ಎಂದರು.

"ನೋಡಾನ ಅಂದ," ಅಂದೆ.

ನನ್ನ ಮುಖವನ್ನೇ ನೋಡಿದರು. "ಅವ್ನ್ ಅಂದಿದ್ದ ಏಳು."

ಹೇಳಿದೆ. ಅವರು ಮಿಲ್ಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮೋಟಾರು ಹಾಕಿದರು. ರಜೆಯ ದಿನ, ಬೀಸುವುದಕ್ಕೆ ಒಂದು ಕಾಳೂ ಇರಲಿಲ್ಲ. ಅವರು ಅಳುವುದು ನನಗೆ ಕೇಳಿಸಬಾರದೆಂದು ಆ ಬರಿಯ ಬೀಸುಕಲ್ಲನ್ನು ಕತ್ತಲಾಗುವವರೆಗೆ ಓಡಿಸಿದರು.