ಕೌತಾಳಂ ದಾರಿಯ ನೆರಳು

ವೈಶಾಖ ಕಾಲಿಟ್ಟಿತೆಂದರೆ ನಮ್ಮ ಆದೋನಿಯಲ್ಲಿ ಮನುಷ್ಯರ ಮುಖಗಳು ಕಾಣೆಯಾಗುತ್ತವೆ. ಟವೆಲು, ವೇಲು, ಸೆರಗು, ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ಬರಿಯ ಕಣ್ಣುಗಳಷ್ಟೇ ಸ್ಕೂಟರುಗಳ ಮೇಲೆ ಸಂಚರಿಸುವ ಆ ದಿನಗಳಲ್ಲಿ, ಎದುರಿಗೆ ಬಂದವರು ನಕ್ಕರೋ ಗುರಾಯಿಸಿದರೋ ತಿಳಿಯದೆ ನಾನು ಎಲ್ಲರಿಗೂ ನಮಸ್ಕಾರ ಹಾಕಿಬಿಡುತ್ತೇನೆ. ಹೀಗೊಮ್ಮೆ ತರಕಾರಿ ಮಾರ್ಕೆಟ್ಟಿನಲ್ಲಿ ನನ್ನ ಹೆಂಡತಿಗೇ ಸವಿನಯವಾಗಿ ಕೈಮುಗಿದು, ಆಕೆ ನಕ್ಕಮೇಲೆ ಗುರುತು ಹಿಡಿದವನು ನಾನು.

ಇಂಥ ಊರಿನಲ್ಲಿ, ಇಂಥ ಋತುವಿನಲ್ಲಿ ಸೈಕಲ್ ಪ್ರವಾಸ ಹೊರಡಬೇಕೆಂಬ ಯೋಚನೆ ಹುಟ್ಟಿದ್ದು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಹನುಮಂತಪ್ಪನವರ ತಲೆಯಲ್ಲಿ. ನಾನು ಅದೇ ಶಾಲೆಯ ಕನ್ನಡ ಪಂಡಿತ. ರಜೆಯಲ್ಲಿ ಮಲಗಿ ಮಲಗಿ ನಾವಿಬ್ಬರೂ ಹಾಳಾಗುತ್ತಿದ್ದೇವೆಂಬುದು ಅವರ ವಾದ. ಮೊದಲ ದಿನ ಕೌತಾಳಂ, ಅಲ್ಲಿ ನನ್ನ ಹೆಂಡತಿ ಸರೋಜಳ ಅಕ್ಕನ ಮನೆಯಲ್ಲಿ ಊಟ, ನಿದ್ದೆ. ಮರುದಿನ ಎಮ್ಮಿಗನೂರು, ಅದು ಸರೋಜಳ ತವರು. ಇದನ್ನು ಕೇಳಿದ್ದೇ ತಡ, "ನಾನೂ ಬರ್ತೀನಿ, ಸಾಲಿಗೆ ಸೈಕಲ್ ಮ್ಯಾಲೇ ಹೋಗ್ತಿದ್ದೆ" ಎಂದಳು ಆಕೆ. ಇಷ್ಟು ವರ್ಷ ಸಂಸಾರ ಮಾಡಿಯೂ ಈಕೆಗೆ ಸೈಕಲ್ ಬರುತ್ತದೆಂದು ನನಗೆ ಗೊತ್ತಿರಲಿಲ್ಲ! ಆ ಪ್ರವಾಸದ ಮೊದಲ ಆಘಾತ ಅದು, ಮತ್ತು ಅದೊಂದೇ ಸುಖಕರವಾದದ್ದು.

ಬಿಸಿಲಿನ ರಕ್ಷಣೆಯ ಖಾತೆ ನನ್ನದಾಯಿತು. ಛತ್ರಿಗೆ ಸಂಸ್ಕೃತದಲ್ಲಿ ಆತಪತ್ರ ಎನ್ನುತ್ತಾರೆ, ಬಿಸಿಲಿನಿಂದ ಕಾಯುವುದು ಎಂದರ್ಥ. ಮಳೆಯ ಸುದ್ದಿಯೇ ಅದರಲ್ಲಿಲ್ಲದ್ದರಿಂದ ಆ ಪದವನ್ನು ಮಾಡಿದವನು ನಮ್ಮ ಕಡೆಯವನೇ ಇರಬೇಕೆಂದು ನನ್ನ ಗುಮಾನಿ. ಆದರೆ ಸೈಕಲ್ಲಿಗೆ ಛತ್ರಿ ಒಗ್ಗದು. ಆದ್ದರಿಂದ ಕಪ್ಪು ಕನ್ನಡಕ, ಅಗಲ ಅಂಚಿನ ಟೋಪಿ, ತೋಳಿಗೆ ಗೌಸು, ಮೂಗಿಗೆ ಬಿಳಿಯ ಕ್ರೀಮು. ಹೊರಡುವ ದಿನ ನನ್ನನ್ನು ನೋಡಿ ಹನುಮಂತಪ್ಪನವರು, "ಸಾರ್, ಮದಲಿಂಗ ಆಗಾಕ ಹೊಂಟೀರೇನ್ರಿ? ಜೀವಮಾನ ಗ್ರೌಂಡ್‌ನ್ಯಾಗ ನಿಂತಾಂವ ನಾನು. ಸೂರ್ಯಾಗ ನನ್ನ ಗುರುತು ಐತಿ" ಎಂದು ನಕ್ಕರು. ಅವರದು ಬರಿದಲೆ, ಮೈಮೇಲೆ ಗಾಳಿಯಾಡದ ದಪ್ಪ ಟ್ರ್ಯಾಕ್ ಸೂಟು.

ನಸುಕಿನಲ್ಲಿ ಹೊರಡಬೇಕೆಂಬುದೇನೋ ನಿಶ್ಚಯವಾಗಿತ್ತು. ನನ್ನ ಅಲಂಕಾರ, ಸರೋಜಳ ಬುತ್ತಿ, ಹನುಮಂತಪ್ಪನವರ ಪಂಕ್ಚರು ಎಲ್ಲ ಮುಗಿಯುವಷ್ಟರಲ್ಲಿ ಹೊತ್ತು ಚೆನ್ನಾಗಿ ಏರಿತ್ತು. ಊರ ಗುಡ್ಡಗಳು ಹಿಂದಾದ ಮೇಲೆ ಎರಡೂ ಕಡೆ ಹತ್ತಿ ಕಿತ್ತು ಬಯಲಾದ ಎರೆಹೊಲ, ಪಾದ ಇಳಿಯುವಷ್ಟು ಬಿರುಕುಗಳು. ಮರವೆಂಬುದು ದಿಗಂತದ ಅಂಚಿನಲ್ಲಿ ಎಲ್ಲೋ ಒಂದು. ಸರೋಜ ಒದ್ದೆ ಬಟ್ಟೆ ಸುತ್ತಿದ ನೀರಿನ ಕ್ಯಾನು ಕೊಡಹೋದಾಗಲೆಲ್ಲ ಹನುಮಂತಪ್ಪನವರು, "ಕೌತಾಳಂದಾಗ ಮಜ್ಜಿಗಿ ಕುಡಿಯಾಣ ನಡೀರವ್ವಾ" ಎಂದು ಪೆಡಲು ತುಳಿದು ಮುಂದಾಗುತ್ತಿದ್ದರು.

ಒಂದು ತಿರುವಿನಲ್ಲಿ ಅವರು ಸೈಕಲ್ಲನ್ನು ರಸ್ತೆಗೇ ಕೆಡವಿ, ಪಕ್ಕದ ಜಾಲಿಪೊದೆಗಳ ಎದುರು ನಿಂತಿದ್ದರು. ಚಪ್ಪಾಳೆ ತಟ್ಟುತ್ತ, "ಲೈನ್‌ಲೋ ನಿಲಬಡಂಡ್ರಾ! ಲೈನ್‌ಲೋ!" ಎಂದು, ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಅದೇ ತೆಲುಗಿನಲ್ಲಿ, ಆ ಮುಳ್ಳಿನ ಪೊದೆಗಳನ್ನು ಗದರುತ್ತಿದ್ದರು. ನಾವು ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೊದಲು ನಗು ನಿಂತದ್ದು ಸರೋಜಳದು.

"ನಗಬ್ಯಾಡ್ರಿ. ಅಣ್ಣನ ಮುಖ ನೋಡ್ರಿ, ಕೆಂಡ ಆಗೈತಿ. ಒಂದು ಹನಿ ಬೆವರಿಲ್ಲ."

ನಾನು ಹತ್ತಿರ ಹೋಗಿ ಅವರ ಭುಜ ಮುಟ್ಟಿದೆ. ಕಾದ ಹಂಚು ಮುಟ್ಟಿದಂತಾಯಿತು. ಅವರು ನನ್ನತ್ತ ತಿರುಗಿ, "ಯಾರಪಾ ನೀನು? ಯಾವ ಕ್ಲಾಸು?" ಎಂದರು. ಕನ್ನಡಕ, ಟೋಪಿ ಕಿತ್ತೆಸೆದು ಮುಖ ತೋರಿಸಿದೆ. ದಿನವೂ ನನ್ನ ಡಬ್ಬಿಯಲ್ಲಿ ಕೈಹಾಕಿ ಉಣ್ಣುವ ಮನುಷ್ಯ, ನನ್ನ ಕಣ್ಣಲ್ಲೇ ಕಣ್ಣಿಟ್ಟು, ನನ್ನನ್ನು ಕಾಣಲಿಲ್ಲ. ಹೆದರಿಕೆ ಎಂದರೇನೆಂದು ನನಗೆ ತಿಳಿದದ್ದು ಆಗ. ಮರುಕ್ಷಣ ಅವರು ಮೊಣಕಾಲೂರಿ ಮಣ್ಣಿಗೆ ಒರಗಿದರು.

ನಾನು ನೀರನ್ನು ಬಾಯಿಗೆ ಹಿಡಿದೆ. ಸರೋಜ ಕೈ ತಡೆದಳು. "ಎಚ್ಚರಿಲ್ಲ, ಗಂಟಲಕ್ಕ ಸಿಕ್ಕೀತು. ಮೈಮ್ಯಾಲ ಸುರೀರಿ." ಟ್ರ್ಯಾಕ್ ಸೂಟಿನ ಅಂಗಿ ಬಿಚ್ಚಿ, ಇದ್ದ ನೀರನ್ನೆಲ್ಲ ಎದೆಗೆ, ಕುತ್ತಿಗೆಗೆ ಸುರಿದೆವು. ಟೋಪಿಯಿಂದ ಗಾಳಿ ಹಾಕಿದೆ. ಆದರೆ ನೆರಳನ್ನು ಎಲ್ಲಿಂದ ತರುವುದು? ನನ್ನ ಅಷ್ಟೂ ಸಿದ್ಧತೆಯಲ್ಲಿ ಇನ್ನೊಬ್ಬನ ಮೇಲೆ ಹಿಡಿಯಬಹುದಾದ ಒಂದಂಗುಲ ನೆರಳಿರಲಿಲ್ಲ.

ಆಗ ಬಂದದ್ದು ಬೆಳಗಿನ ಕೂಲಿ ಮುಗಿಸಿ ಕೌತಾಳಂ ಕಡೆಗೆ ಹೊರಟಿದ್ದ ಹೆಣ್ಣುಮಕ್ಕಳು ತುಂಬಿದ ಒಂದು ಆಟೋ. ಅದು ಪೂರ್ತಿ ನಿಲ್ಲುವ ಮೊದಲೇ ಒಬ್ಬ ಮುದುಕಿ ಧುಮುಕಿ, "ನೆಳ್ಳು ಮಾಡ್ರೆವ್ವಾ, ನೆಳ್ಳು!" ಎಂದು ಕೂಗಿದಳು. ಅವರೆಲ್ಲ ಇಳಿದು ಸುತ್ತುಗಟ್ಟಿ ನಿಂತು ಸೆರಗುಗಳನ್ನು ಚಾಚಿ ಹಿಡಿದರು. ಹನುಮಂತಪ್ಪನವರ ಮೇಲೆ ಕೆಂಪು, ಹಸಿರು, ಹಳದಿ ನೆರಳು ಬಿತ್ತು. ತಮ್ಮ ಕುಡಿಯುವ ನೀರನ್ನೂ ಅವರ ಮೇಲೆ ಸುರಿದು, ಎತ್ತಿ ಆಟೋದಲ್ಲಿ ಮಲಗಿಸಿದರು. ಸರೋಜ ಜೊತೆಗೆ ಹತ್ತಿದಳು, ಆಟೋ ಕೌತಾಳಂ ಆಸ್ಪತ್ರೆಗೆ ಹೊರಟಿತು.

"ಮತ್ತೆ ನೀವು?" ಎಂದೆ.

"ನಡಕೊಂತ ಬರ್ತೀವಿ ಬಿಡ್ರಿ. ರೋಡು ಓಡಿ ಹೋಗತೈತೇನು?" ಎಂದಳು ಮುದುಕಿ.

ಸೈಕಲ್ಲುಗಳನ್ನು ಅವರೇ ತಳ್ಳುತ್ತ ಬಂದರು. ಆ ಉರಿಯಲ್ಲಿ, ನನ್ನ ಜೊತೆ, ತಮ್ಮ ಪಾಲಿನ ನೀರೂ ಇಲ್ಲದೆ. ಊರ ಬಾಯಲ್ಲಿ ಒಂದು ಬೋರಿಂಗಿನ ಹತ್ತಿರ ಎಲ್ಲರೂ ನೀರು ಕುಡಿದ ಮೇಲೆ ಅವರು ತಮ್ಮ ಮನೆಗಳಿಗೆ ಹೋದರು, ನಾನು ಆಸ್ಪತ್ರೆಗೆ ಓಡಿದೆ.

ಡಾಕ್ಟರು "ಸ್ವಲ್ಪ ತಡವಾಗಿದ್ರ" ಎಂದು ಆರಂಭಿಸಿದ ವಾಕ್ಯವನ್ನು ಮುಗಿಸಲಿಲ್ಲ. ನಾನೂ ಅದನ್ನು ಮನಸ್ಸಿನಲ್ಲಿ ಮುಗಿಸಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಹನುಮಂತಪ್ಪನವರು ಕಣ್ಣು ತೆರೆದು, ನನ್ನನ್ನು ಬಹಳ ಹೊತ್ತು ನೋಡಿ, "ಸಾರ್" ಎಂದರು. ಆ ಒಂದು ಸಂಬೋಧನೆಗಾಗಿ ನಾನು ಇಡೀ ದಿನ ಕಾದಿದ್ದೆ. ಸರೋಜ ಗೋಡೆಗೆ ಮುಖ ಮಾಡಿ ಅತ್ತಳು.

ನಾನು ಹೊರಗೆ ಬಂದೆ. ಗೇಟಿನ ಬಳಿ ಆ ಮುದುಕಿ ಇನ್ನಿಬ್ಬರೊಡನೆ ನಿಂತಿದ್ದಳು. ಒಳಗೆ ಬರಲು ಸಂಕೋಚಪಟ್ಟು, ಅಲ್ಲಿಂದಲೇ ಕೇಳಿದಳು: "ಆ ಸಾರು ಅದಾರೇನ್ರಿ?"

ನಾನು ವ್ಯಾಕರಣ ಪಾಠ ಹೇಳುವವನು. ಇರುವುದು ಎಂಬ ಕ್ರಿಯೆಯ ರೂಪಗಳನ್ನು ಕರಿಹಲಗೆಯ ಮೇಲೆ ಅದೆಷ್ಟು ಸಲ ಬರೆದು ಅಳಿಸಿದ್ದೇನೋ. ಅದರ ಭಾರ ನಾಲಗೆಗೆ ತಿಳಿದದ್ದು ಮಾತ್ರ ಆ ಗೇಟಿನ ಬಳಿ.

"ಅದಾರವ್ವಾ," ಎಂದೆ. "ಅದಾರ."